ಗೆರೆಗೆ ಎರಡು ಗೇಣು

ನೋವಿನ ಮುಲಾಮಿನ ವಾಸನೆ ಬಂದರೆ ನಿಮಗೆಲ್ಲ ಯಾರಾದರೂ ಅಜ್ಜನೋ ಅಜ್ಜಿಯೋ ನೆನಪಾಗುತ್ತಾರೆ. ನನಗೆ ಮಾತ್ರ ಇಪ್ಪತ್ತಾರು ವರ್ಷದ ಒಬ್ಬ ಗಟ್ಟಿ ಆಳು ನೆನಪಾಗುತ್ತಾನೆ. ಈಗ ಅಜ್ಜನಾಗಿರುವವನು ನಾನೇ. ಬಹರೈನಿನ ಅರಾದ್‌ನಲ್ಲಿರುವ ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ದಿನಾ ಸಂಜೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ತಲೆಯ ಮೇಲೆಯೇ ಇಳಿಯುವ ವಿಮಾನಗಳನ್ನು ಬೈಯುತ್ತ, ಎರಡೂ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುವುದು ನನ್ನ ಕಾರ್ಯಕ್ರಮ. ಹೀಗೆ ತಿಕ್ಕುತ್ತಿದ್ದ ಒಂದು ಗುರುವಾರ, ಹದಿನಾರು ವರ್ಷದ ಮೊಮ್ಮಗಳು ಶ್ರೇಯಾ ಫೋನು ಹಿಡಿದು ಪಕ್ಕದಲ್ಲಿ ಬಂದು ಕೂತಳು. ಮೂಗು ಮುಚ್ಚಿಕೊಂಡೇ ಕೂತಳು ಅನ್ನಿ.

ಫೋನಿನಲ್ಲಿ ಅಮೆರಿಕನ್ ಫುಟ್‌ಬಾಲ್ ಓಡುತ್ತಿತ್ತು. ಇವಳಿಗೂ ಇವಳ ಶಾಲೆಯ ಗೆಳತಿಯರಿಗೂ ಈಗ ಅದೇ ಹುಚ್ಚು. ಕಪ್ಪು ಅಂಗಿಯವನೊಬ್ಬ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಜನರ ಗುಂಪಿನೊಳಕ್ಕೆ ನುಗ್ಗಿದ್ದು ಕಂಡಿತು.

"ರನ್ನಿಂಗ್ ಬ್ಯಾಕ್ ಚೆನ್ನಾಗಿದ್ದಾನೆ," ಅಂದೆ.

ಅವಳು ಮೂಗಿನಿಂದ ಕೈ ತೆಗೆದಳು. "ಅಜ್ಜ! ನಿಂಗೆ ರನ್ನಿಂಗ್ ಬ್ಯಾಕ್ ಗೊತ್ತಾ?"

"ನಿನ್ನ ಅಮ್ಮ ಹುಟ್ಟುವ ಮೊದಲಿನಿಂದ ಗೊತ್ತು."

"ಆದ್ರೆ ಅವ್ರಿಗೆ ಈಗ ವ್ಯಾಲ್ಯೂ ಇಲ್ಲ ಅಜ್ಜ. ಈಗೆಲ್ಲ ಪಾಸಿಂಗ್ ಗೇಮ್. ದೂರ ಎಸಿತಾರೆ, ಹಿಡಿತಾರೆ, ಅವ್ರಿಗೇ ದುಡ್ಡು. ರನ್ನಿಂಗ್ ಬ್ಯಾಕ್‌ನ ಮೂರ್ನಾಲ್ಕು ವರ್ಷ ಯೂಸ್ ಮಾಡ್ತಾರೆ, ಕಾಲು ಹೋದ್ರೆ ಹೊಸಬನ್ನ ತರ್ತಾರೆ. ದೇ ಆರ್ ರಿಪ್ಲೇಸಬಲ್."

"ಅವನೇನು ಪೇಪರ್ ಲೋಟವೇನೇ, ಚಾ ಕುಡಿದು ಎಸೆಯೋದಕ್ಕೆ?"

ನನ್ನ ದನಿ ಎಷ್ಟು ಏರಿತ್ತೆಂದರೆ, ಬಿಪಿ ಮಾತ್ರೆ ತೆಗೆದುಕೊಂಡಿದ್ದೀಯಾ ಎಂದು ಮಗಳು ಅಡುಗೆಮನೆಯಿಂದಲೇ ಕೂಗಿ ಕೇಳಿದಳು. ಅಮೆರಿಕದ ಯಾವುದೋ ಊರಿನ ಯಾವುದೋ ಆಟಗಾರನ ಸಂಬಳಕ್ಕೆ ಕುಮಟೆಯ ಮುದುಕನೊಬ್ಬ ಬಹರೈನಿನಲ್ಲಿ ಕೂತು ಸಿಟ್ಟಾಗುವುದೆಂದರೆ ಏನು! ಆದರೆ ನನ್ನ ಸಿಟ್ಟಿಗೆ ಒಂದು ಹೆಸರಿತ್ತು, ಆ ಹೆಸರು ಸಂಜೀವ.

ಸೌದಿಗೆ ಹೋಗುವ ಸೇತುವೆಯನ್ನು ಸಮುದ್ರದಲ್ಲಿ ಇನ್ನೂ ಕಟ್ಟುತ್ತಿದ್ದ ಕಾಲ ಅದು. ಅಸ್ಕರ್ ಹತ್ತಿರದ ಕಾರ್ಖಾನೆಗೆ ಕೆಲಸಗಾರರನ್ನು ಒದಗಿಸುತ್ತಿದ್ದ ಒಂದು ಕಂತ್ರಾಟು ಕಂಪೆನಿಯ ಕ್ಯಾಂಪಿನಲ್ಲಿ ನಾನು ಟೈಮ್ ಕೀಪರ್ ಆಗಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವ ಕೆಲಸ. ನಮ್ಮ ಕರಾವಳಿಯವರಿಗೆ ಪೆನ್ನು ಹಿಡಿದು ಕೂತವರೆಲ್ಲ ರೈಟರು. ಹಾಗಾಗಿ ನಾನು ಎಲ್ಲರ ಬಾಯಲ್ಲಿ 'ರೈಟ್ರೆ'. ಆ ಧೂಳಿನಲ್ಲಿ ದಿನಾ ಬಿಳಿ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದರ ಬಣ್ಣ ಏನಾಗಿರುತ್ತಿತ್ತು ಎಂದು ಕೇಳಬೇಡಿ, ಜಂಬ ಮಾತ್ರ ಸಂಜೆಯವರೆಗೂ ಬಿಳಿಯಾಗಿಯೇ ಇರುತ್ತಿತ್ತು.

ಸಂಜೀವ ಕಾಪು ಕಡೆಯವನು, ಸ್ಕ್ಯಾಫೋಲ್ಡರ್. ಎತ್ತರದಲ್ಲಿ ಕೆಲಸ ಮಾಡುವವರು ನಿಲ್ಲಲಿಕ್ಕೆಂದು ಕಬ್ಬಿಣದ ಪೈಪು ಜೋಡಿಸಿ ಅಟ್ಟ ಕಟ್ಟುವವನು. ಹೆಗಲ ಮೇಲೆ ಪೈಪು ಹೊತ್ತು ಏಣಿ ಹತ್ತುವಾಗಲೂ ಅವನ ಕಾಲು ನಡುಗಿದ್ದನ್ನು ನಾನು ಕಂಡಿಲ್ಲ. ಮನೆಮಾತು ತುಳು. ನನ್ನ ತುಳು ಊಟ ಆಯಿತಾ ಎಂದು ಕೇಳುವಲ್ಲಿಗೇ ಮುಗಿಯುತ್ತಿದ್ದುದರಿಂದ ನನ್ನ ಹತ್ತಿರ ಕನ್ನಡ ಮಾತಾಡುತ್ತಿದ್ದ.

ಶುಕ್ರವಾರ ನಮಗೆ ಕಬಡ್ಡಿ. ಬೆಳಿಗ್ಗೆ ಎದ್ದು ಕ್ಯಾಂಪಿನ ಹಿಂದಿನ ಮರಳಿನಿಂದ ಕಲ್ಲು ಹೆಕ್ಕಿ, ಸುಣ್ಣದಿಂದ ಗೆರೆ ಎಳೆದು, ಬಿಸಿಲು ಇಳಿಯುವುದನ್ನೇ ಕಾಯುತ್ತಿದ್ದೆವು. ನಾನು ಆಡುತ್ತಿರಲಿಲ್ಲ. ಒಮ್ಮೆ ಆಡಲು ಹೋಗಿ, ಯಾರೂ ಮುಟ್ಟುವ ಮೊದಲೇ ಉಸಿರು ಬಿಟ್ಟು ಔಟಾದ ಮೇಲೆ ಪಾಯಿಂಟು ಕೂಗುವ ಕೆಲಸ ನನಗೆ ಖಾಯಂ ಆಯಿತು. ಸಂಜೀವ ರೈಡರ್. ಅವನು ಒಬ್ಬನೇ ಎದುರು ಪಾಳಯಕ್ಕೆ ಹೋದರೆ ಏಳು ಜನ ಸೇರಿ ಕೆಡವಬೇಕಿತ್ತು. ಕೆಡವಿದರೂ ಮುಗಿಯುತ್ತಿರಲಿಲ್ಲ. ಬೆನ್ನ ಮೇಲೆ ನಾಲ್ಕು ಜನರನ್ನು ಹೊತ್ತು, ಬಾಯಲ್ಲಿ ಕಬಡ್ಡಿ ಕಬಡ್ಡಿ ನಿಲ್ಲಿಸದೆ, ಗೇಣು ಗೇಣಾಗಿ ತೆವಳಿ ನಡುಗೆರೆಗೆ ಬೆರಳು ತಾಗಿಸುತ್ತಿದ್ದ. ಉಸಿರಿರುವವರೆಗೆ ರೈಡರ್ ಸತ್ತಿಲ್ಲ, ಅದೇ ನಮ್ಮ ಆಟದ ನ್ಯಾಯ.

ಈ ಆಟವನ್ನು ಬೇಲಿಯ ಆಚೆ ನಿಂತು ನೋಡುತ್ತಿದ್ದವರು ರಾಯ್ ಸಾಹೇಬರು. ಹೊಸ ಎಂಜಿನಿಯರು ರಾಯ್ ಅಂತೆ ಎಂದು ಕೇಳಿ, ಕಲ್ಕತ್ತದವರೇ ಇರಬೇಕೆಂದು ನಮ್ಮ ಮೆಸ್ಸಿನವನು ಒಳ್ಳೆಯ ಮೀನು ತರಿಸಿಟ್ಟಿದ್ದ. ಬಂದವರು ಆರೂವರೆ ಅಡಿಯ ಟೆಕ್ಸಾಸಿನವರು. ಮೀನನ್ನು ಮಾತ್ರ ಬಿಡಲಿಲ್ಲ. ಊರಿನಿಂದ ಅವರ ತಮ್ಮ ಅಮೆರಿಕನ್ ಫುಟ್‌ಬಾಲಿನ ವಿಡಿಯೋ ಟೇಪು ಕಳಿಸುತ್ತಿದ್ದ. ಆ ಟೇಪು ಇಲ್ಲಿಯ ಟಿವಿಯಲ್ಲಿ ಓಡುವುದಿಲ್ಲವೆಂದು ಮನಾಮಾದ ಸೂಕಿಗೆ, ಅಂದರೆ ಅಲ್ಲಿಯ ಪೇಟೆಗೆ, ಹೋಗಿ ಎಲ್ಲ ದೇಶದ ಟೇಪೂ ತಿನ್ನುವ ಒಂದು ಡೆಕ್ಕು ತಂದು ಮೆಸ್ಸಿನಲ್ಲಿಟ್ಟರು. ಶುಕ್ರವಾರ ಊಟವಾದ ಮೇಲೆ ಒಂದೂವರೆ ತಿಂಗಳು ಹಳೆಯ ಆಟವನ್ನು, ಫಲಿತಾಂಶ ಇವತ್ತೇ ಬರುವುದೇನೋ ಎಂಬಂತೆ ನಾವೆಲ್ಲ ನೋಡುತ್ತಿದ್ದೆವು.

"ರೈಟ್ರೆ, ಇದೆಂತ ಆಟ ಮಾರಾಯ್ರೆ," ಅಂದ ಸಂಜೀವ ಮೊದಲ ದಿನ. "ನಮ್ಮ ಕಬಡ್ಡಿಯವನ ಕೈಗೆ ಒಂದು ತೆಂಗಿನಕಾಯಿ ಕೊಟ್ಟ ಹಾಗೆ ಉಂಟಲ್ಲ!"

ನಾನು ಅದನ್ನು ಇಂಗ್ಲಿಷ್ ಮಾಡಿ ಹೇಳಿದೆ. ರಾಯ್ ಸಾಹೇಬರು ಕುರ್ಚಿಯ ಕೈ ಬಡಿದು ನಕ್ಕರು. ಅವರಿಗೆ ಎಸೆಯುವವರ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಎಸೆಯುವವನು ಶೋಕಿಗಾರ, ಹೊತ್ತುಕೊಂಡು ಹೋಗುವವನೇ ತಂಡ ಎನ್ನುತ್ತಿದ್ದರು. ಕಾಲೇಜಿನಿಂದ ಆಟಗಾರರನ್ನು ಹೆಕ್ಕುವಾಗ ಎಲ್ಲರಿಗಿಂತ ಮೊದಲು ಹೀಗೆ ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕನ್ನೇ ಹೆಕ್ಕುತ್ತಾರೆ, ಊರಿನ ಮಕ್ಕಳೆಲ್ಲ ಅವನ ನಂಬರಿನ ಅಂಗಿಯನ್ನೇ ಹಾಕುತ್ತಾರೆ ಎಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ಸ್ವಲ್ಪ ಮೆಲ್ಲಗೆ, ಆದರೆ ಪೆಟ್ಟು ಪೆಟ್ಟು ತಿಂದು ಮೂವತ್ತಕ್ಕೆಲ್ಲ ಅವನ ಕಾಲು ಮುಗಿದಿರುತ್ತದೆ ಅಂದರು.

"ಮತ್ತೆ ಅವ ಎಂತ ಮಾಡುದು?" ಎಂದು ಕೇಳಿದ ಸಂಜೀವ.

ಇದನ್ನೂ ಇಂಗ್ಲಿಷ್ ಮಾಡಿದೆ. ಸಾಹೇಬರು ಎದ್ದು ಹೋಗಿ ಟೇಪನ್ನು ಹಿಂದಕ್ಕೆ ತಿರುಗಿಸಿದರು.

ಚಳಿಗಾಲದಲ್ಲಿ ಇನ್ನೊಂದು ಕಂಪೆನಿಯ ಅಮೆರಿಕನ್ನರೊಂದಿಗೆ ನಮ್ಮ ಕಾರ್ಖಾನೆಯ ಅಮೆರಿಕನ್ನರದೊಂದು ಫುಟ್‌ಬಾಲ್ ಪಂದ್ಯ ಗೊತ್ತಾಯಿತು. ಇವರ ಕಡೆ ಓಡುವವನು ರಜೆಯ ಮೇಲೆ ಊರಿಗೆ ಹೋಗಿದ್ದ. ರಾಯ್ ಸಾಹೇಬರು ನೇರ ನನ್ನ ಮೇಜಿಗೆ ಬಂದು, ನಿಮ್ಮ ಸಂಜೀವನನ್ನು ನನಗೆ ಕೊಡು, ಆಟ ನೀನೇ ಕಲಿಸು, ನಿನಗೆ ಎಲ್ಲ ಗೊತ್ತಲ್ಲ ಅಂದರು. ಹೊಗಳಿಕೆಗೆ ಮರುಳಾಗದವನು ಯಾರು? ನಾನಂತೂ ಅಲ್ಲ. ನಾಲ್ಕು ಟೇಪು ನೋಡಿದವನು ಎರಡು ಸಂಜೆ ಮೆಸ್ಸಿನಲ್ಲಿ ಗುರುವಾಗಿ ಕೂತೆ. ಮೇಜಿನ ಮೇಲೆ ಉಪ್ಪಿನಿಂದ ಗೆರೆ ಎಳೆದೆ, ಈರುಳ್ಳಿಗಳನ್ನು ಆಟಗಾರರನ್ನಾಗಿ ಮಾಡಿದೆ. ನಾಲ್ಕು ಸಲದ ಅವಕಾಶದಲ್ಲಿ ಹತ್ತು ಗಜ ಹೋಗಬೇಕು ಅಂದೆ. ಚೆಂಡನ್ನು ಹಸುಗೂಸಿನ ಹಾಗೆ ಅವುಚಿಕೋ, ಬೀಳಿಸಬೇಡ, ಕೊನೆಯ ಗೆರೆ ದಾಟಿಸು ಅಂದೆ. ಎಷ್ಟೆಲ್ಲ ಹೇಳಿದೆ! ಹೇಳಬೇಕಾದ ಒಂದನ್ನು ಬಿಟ್ಟೆ. ಹಿಡಿದು ಕೆಡವಿದ ಮೇಲೆ, ಮೊಣಕಾಲು ನೆಲಕ್ಕೆ ತಾಗಿದ ಕ್ಷಣ ಅಲ್ಲಿಗೆ ಆಟ ಮುಗಿಯಿತು, ಆಮೇಲೆ ತೆವಳುವಂತಿಲ್ಲ. ಅದನ್ನು ಹೇಳಲಿಲ್ಲ.

ಪಂದ್ಯ ನಮ್ಮ ಮರಳಿನಲ್ಲೇ ನಡೆಯಿತು. ಹೆಲ್ಮೆಟ್ಟಿಲ್ಲ, ಮೈಗೆ ಕವಚವಿಲ್ಲ. ಮುಟ್ಟಿದರೆ ಸಾಕು ಎಂದು ಮಾತಾಗಿತ್ತು, ಆದರೆ ಐದು ನಿಮಿಷದಲ್ಲಿ ಎಲ್ಲರೂ ಅದನ್ನು ಮರೆತು ಒಬ್ಬರನ್ನೊಬ್ಬರು ಕೆಡವತೊಡಗಿದರು. ಸಂಜೀವ ಚೆಂಡು ಕೈಗೆ ಬಂದ ಕೂಡಲೇ ಅಭ್ಯಾಸದಂತೆ ಕಬಡ್ಡಿ ಕಬಡ್ಡಿ ಎಂದು ಗುನುಗುತ್ತ ಓಡಿದ. ಯಾವ ಮಂತ್ರವಪ್ಪಾ ಇದು ಎಂದು ಎದುರಿನವರು ಒಂದು ಕ್ಷಣ ತಬ್ಬಿಬ್ಬಾಗುವಷ್ಟರಲ್ಲಿ ದಾಟಿಬಿಡುತ್ತಿದ್ದ. ನಮ್ಮ ಕ್ಯಾಂಪಿನವರ ಕೂಗು ಮುಗಿಲು ಮುಟ್ಟಿತು. ಆ ಮಧ್ಯಾಹ್ನ ನಾನು ಸಂತೋಷವಾಗಿದ್ದಷ್ಟು ಆ ಮರಳುಗಾಡಿನಲ್ಲಿ ಮತ್ತೆಂದೂ ಇರಲಿಲ್ಲ.

ಕೊನೆಯ ಗೆರೆಗೆ ಎರಡು ಗೇಣು ಇರುವಾಗ ಇಬ್ಬರು ಅವನನ್ನು ಕೆಡವಿದರು. ಮೊಣಕಾಲು ಮರಳಿಗೆ ತಾಗಿತು. ಶಿಳ್ಳೆ ಬಿತ್ತು. ಹಿಡಿದಿದ್ದ ಇಬ್ಬರೂ ಸಡಿಲ ಬಿಟ್ಟರು. ಸಂಜೀವ ಬಿಡಲಿಲ್ಲ. ಚೆಂಡು ಹಿಡಿದ ಕೈ ಮುಂದೆ ಚಾಚಿ ತೆವಳಿದ. ಅವನು ತಪ್ಪಿಸಿಕೊಂಡನೆಂದು ತಿಳಿದು ಹಿಂದಿನಿಂದ ಓಡಿ ಬಂದ ಒಬ್ಬ ದೈತ್ಯ ವೆಲ್ಡರ್ ಅವನ ಕಾಲ ಮೇಲೆಯೇ ಬಿದ್ದ. ತೆಂಗಿನ ಒಣ ಮಡಲು ಮುರಿದ ಹಾಗೆ ಸದ್ದಾಯಿತು. ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಅವನ ಕೈಯ ಚೆಂಡು ಗೆರೆಯ ಆಚೆ ಇತ್ತು, ಅವನ ಕಾಲು ಕಾಲಿನಂತೆ ಇರಲಿಲ್ಲ.

ಪಾಯಿಂಟು ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಪಿಕಪ್ಪಿನಲ್ಲಿ ಅವನನ್ನು ಮಲಗಿಸುವಾಗ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಶಿಳ್ಳೆ ಬಿದ್ದ ಮೇಲೂ ಇವನು ಯಾಕೆ ತೆವಳಿದ? "ಕಬಡ್ಡಿ ಹೇಳುತ್ತಿದ್ದನಲ್ಲ, ಶಿಳ್ಳೆ ಕೇಳಿಸಲಿಲ್ಲ," ಅಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುವ ಮೊದಲೇ ಹೇಳಿದೆ. ಆಸ್ಪತ್ರೆಯಲ್ಲಿ ಅವನ ಹತ್ತಿರವೂ ಅದನ್ನೇ ಅಂದೆ: "ಶಿಳ್ಳೆ ಕೇಳಿಸಲಿಲ್ಲ ಅಲ್ವಾ ಸಂಜೀವ?"

"ಖಲ್ಲಿ ವಲ್ಲಿ ರೈಟ್ರೆ, ಬಿಡಿ," ಎಂದು ಅರಬರ ಮಾತಿನಲ್ಲೇ ತಳ್ಳಿಹಾಕಿ ಗೋಡೆ ಕಡೆ ತಿರುಗಿದ.

ಆಮೇಲೆ ಅವನು ಏಣಿ ಹತ್ತಲಿಲ್ಲ. ರಾಯ್ ಸಾಹೇಬರು ಕಚೇರಿಯಲ್ಲಿ ಜಗಳವಾಡಿ ಅವನನ್ನು ಕಂತ್ರಾಟು ಮುಗಿಯುವವರೆಗೆ ಸಾಮಾನಿನ ಕೋಣೆಯಲ್ಲಿ ಕೂರಿಸಿದರು. ದಿನಾ ಬೆಳಿಗ್ಗೆ ಅವನ ಹೆಸರಿನ ಮುಂದೆ 'ಲೈಟ್ ಡ್ಯೂಟಿ' ಎಂದು ಬರೆಯುತ್ತಿದ್ದುದು ನನ್ನದೇ ಕೈ. ಸಂಜೆ ಅವನ ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದುದೂ ಅದೇ ಕೈ. ತಿಕ್ಕುವಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು, ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ. ಅವನ ಜಾಗಕ್ಕೆ ಎರಡೇ ವಾರದಲ್ಲಿ ಇನ್ನೊಬ್ಬ ಬಂದಿದ್ದ. ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದ, ಅದೇ ನನಗೆ ಸಂಕಟ. ಬೇಸಿಗೆಗೆ ಮುಂಚೆ ಸಂಜೀವ ಊರಿಗೆ ಹೋದ. ವಿಮಾನ ನಿಲ್ದಾಣದಲ್ಲಿ ಕಾಲೆಳೆಯುತ್ತ ಒಳಗೆ ಹೋದವನು ತಿರುಗಿ ಕೈ ಬೀಸಿದ. ನಾನೂ ಬೀಸಿದೆ. ಆ ನಿಲ್ದಾಣ ಈಗ ಮಗಳ ಬಾಲ್ಕನಿಯಿಂದ ಕಾಣುತ್ತದೆ, ನಾನು ವಿಮಾನಗಳನ್ನು ಬೈಯುವುದು ಸದ್ದಿಗಾಗಿ ಅಂತ ಮನೆಯವರು ತಿಳಿದಿದ್ದಾರೆ.

ಇಷ್ಟನ್ನೂ ಶ್ರೇಯಾಗೆ ಹೇಳಿದೆ. ಅವಳು ಫೋನನ್ನು ಮಗುಚಿ ಇಟ್ಟು ಕೇಳಿದಳು.

"ಅವ್ರು ಈಗ ಇದಾರಾ?"

"ಇದ್ದಾನೆ. ಊರಿನ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತಾನೆ. ಹಬ್ಬಕ್ಕೆ ಫೋನ್ ಮಾಡ್ತೇವೆ."

"ಹಬ್ಬಕ್ಕೆ ಫೋನ್ ಮಾಡಿ ಏನ್ ಮಾತಾಡ್ತೀರಾ ಹಾಗಾದ್ರೆ?"

"ಮಳೆ, ಬೆಳೆ, ಮೀನಿನ ರೇಟು."

ಮರುದಿನ ಮಧ್ಯಾಹ್ನ ಅವಳು ನನ್ನ ಫೋನಿನಲ್ಲಿ ಸಂಜೀವನ ನಂಬರು ಒತ್ತಿ ನನ್ನ ಕೈಗಿತ್ತು, ಸ್ಪೀಕರ್ ಹಾಕಿ, ಎದುರಿಗೆ ನೆಲದ ಮೇಲೆ ಕೂತಳು. ಈ ಕಾಲದ ಮಕ್ಕಳಿಗೆ ನಾಳೆ ಎನ್ನುವುದು ಇಲ್ಲ.

ಆಚೆಯಿಂದ ಹುಡುಗಿಯರ ಗಲಾಟೆ ಕೇಳಿಸಿತು. "ಹೇಳಿ ರೈಟ್ರೆ, ಎಂತ, ಹಬ್ಬ ಇಲ್ಲದೆ ಫೋನು?"

"ಸಂಜೀವ, ಮೊಣಕಾಲು ತಾಗಿದರೆ ಆಟ ಮುಗೀತು ಅಂತ ಆವತ್ತು ನಾನು ನಿನಗೆ ಹೇಳಲಿಲ್ಲ. ನನ್ನಿಂದ ನಿನ್ನ ಕಾಲು ಹೋಯ್ತು. ಇಷ್ಟು ವರ್ಷ ಬಾಯಿ ಬಿಡಲಿಲ್ಲ."

ಆಚೆ ಸಂಜೀವ ನಕ್ಕುಬಿಟ್ಟ.

"ಅಯ್ಯೋ ದೇವರೇ, ಅದು ನಂಗೆ ಗೊತ್ತಿತ್ತಲ್ಲ! ಅಷ್ಟು ಟೇಪು ನೋಡಿದ್ದೇನೆ, ಬಿದ್ದ ಕೂಡ್ಲೆ ಎದ್ದು ಬಾಲು ಕೊಟ್ಟು ಹೋಗ್ತಾರೆ ಅವ್ರು. ಶಿಳ್ಳೆ ಸಹ ಕೇಳಿದೆ."

"ಮತ್ತೆ ಯಾಕೆ ತೆವಳಿದೆ ಮಾರಾಯ?"

"ಉಸಿರು ಇತ್ತಲ್ಲ ರೈಟ್ರೆ."

ನಲವತ್ತು ವರ್ಷ ನಾನು ಹೊತ್ತು ತಿರುಗಿದ ತಪ್ಪನ್ನು ಅವನು ತನ್ನದೆಂದು ನಗುತ್ತ ಇಸಿದುಕೊಂಡಿದ್ದ. ಹಗುರವಾಗಬೇಕಿತ್ತು, ಅಳು ಬಂತು.

"ನಂಗೂ ಒಂದು ಕೇಳ್ಲಿಕ್ಕುಂಟು," ಅಂದ. "ಆ ಪಾಯಿಂಟು ಕಡೆಗೆ ಕೊಟ್ರಾ? ಯಾರನ್ನೂ ಕೇಳಿಲ್ಲ ನಾನು. ಇಲ್ಲ ಹೇಳಿದ್ರೆ ಅಂತ ಹೆದರಿಕೆ."

ಕೊಟ್ಟರು ಎನ್ನಲು ನಾಲಿಗೆ ತುದಿಯವರೆಗೆ ಬಂತು. ಶಿಳ್ಳೆ ಕೇಳಿಸಲಿಲ್ಲ ಎಂಬ ಒಂದು ಸುಳ್ಳಿನಿಂದ ಬಿಡಿಸಿಕೊಳ್ಳಲಿಕ್ಕೇ ಇಷ್ಟು ವರ್ಷ ಹಿಡಿದಿತ್ತು.

"ಇಲ್ಲ ಸಂಜೀವ. ಕೊಡಲಿಲ್ಲ."

"ಗೆರೆ ಮುಟ್ಟಿದ್ದೇನೆ ನಾನು."

"ಮುಟ್ಟಿದ್ದೀಯ. ನಾನು ಅಲ್ಲೇ ನಿಂತಿದ್ದೆ. ಕಣ್ಣಾರೆ ನೋಡಿದ್ದೇನೆ."

"ಹಾಂ. ಹಾಗೆ ಹೇಳಿ," ಎಂದು ಉಸಿರು ಬಿಟ್ಟು, ಅಲ್ಲಿ ಯಾರೋ ಒಬ್ಬ ಹುಡುಗಿಗೆ "ಬಿದ್ರೆ ಎಂತ ಆಯ್ತು, ಕೈ ಚಾಚು!" ಎಂದು ಕೂಗಿದ.

ಫೋನಿಟ್ಟ ಮೇಲೆ ಮುಲಾಮಿನ ಡಬ್ಬಿ ತೆಗೆದೆ. ಶ್ರೇಯಾ ಮೂಗು ಮುಚ್ಚಿಕೊಳ್ಳಲಿಲ್ಲ.

"ಅಜ್ಜ, ಎರಡು ಗೇಣು ಅಂದ್ರೆ ಎಷ್ಟು?"

ಕುರ್ಚಿಯಿಂದ ಬಗ್ಗಿ, ಮುಲಾಮು ಹತ್ತಿದ ಕೈಯನ್ನು ಬಾಲ್ಕನಿಯ ನೆಲದ ಮೇಲೆ ಅಗಲಿಸಿ ಒಂದು ಗೇಣು ಅಳೆದೆ. ಅದರ ಮುಂದೆ ಅವಳೂ ತನ್ನ ಕೈ ಅಗಲಿಸಿ ಇನ್ನೊಂದು ಗೇಣು ಇಟ್ಟಳು.

"ಇಷ್ಟೇನಾ?" ಅಂದಳು.

"ಇಷ್ಟೇ."