ಒಂದು ಎಲೆಗಾಗಿ ನಾಲ್ಕು ದೇಶ

೧೯೭೫ರ ಚಳಿಗಾಲ ಮುಗಿಯುವ ಹೊತ್ತಿಗೆ ಹೊರ್ತಿಯ ಕುರಿಗಾರ ಮಾಳಿಂಗಪ್ಪ ಬೆನ್ನಿಗೊಂದು ಗೋಣಿಚೀಲ ಕಟ್ಟಿಕೊಂಡು ಲಂಕಾ, ಬರ್ಮಾ, ಸಯಾಮ್, ಮಲಯಾ ಎಂಬ ನಾಲ್ಕು ದೇಶಗಳಿಗೆ ಹೊರಟ. ಅಲ್ಲಿಯವರೆಗೆ ಅವನು ಕಂಡ ಪರಸ್ಥಳವೆಂದರೆ ಸೊಲ್ಲಾಪುರ. ಅದೂ ಉಣ್ಣೆ ಮಾರಲು ಹೋದಾಗ, ಮಧ್ಯಾಹ್ನದವರೆಗೆ ಮಾತ್ರ.

ಹಾಗೆಂದು ಅವನನ್ನು ಮನೆಹಿಡಿದು ಕೂತವನೆಂದು ತಿಳಿಯಬಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಲ್ಲಿ ಅವನು ತುಳಿಯದ ಬದು ಇರಲಿಲ್ಲ. ಕುರಿಹಿಂಡು ಊರಿಂದೂರಿಗೆ ಹೊರಡುವ ಮೊದಲು ಒಬ್ಬ ಮುಂದೆ ಹೋಗಿ ಮೇವು ಎಲ್ಲಿದೆ, ನೀರು ಎಲ್ಲಿದೆ, ಯಾರ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಬಹುದು ಎಂದು ನೋಡಿ ಬರಬೇಕು. ಆ ಕೆಲಸದಲ್ಲಿ ಮಾಳಿಂಗಪ್ಪನನ್ನು ಮೀರಿಸಿದವರಿಲ್ಲ. ಹೊಲದವನಿಗೆ ಕುರಿಗೊಬ್ಬರ ಬೇಕು, ಕುರಿಗಾರನಿಗೆ ಜಾಗ ಬೇಕು. ಇಬ್ಬರಿಗೂ ಒಪ್ಪಿಗೆಯಾದರೆ ಹೊಲದವನು ತನ್ನ ಹೊಲದಲ್ಲೇ ನಿಂತು ಒಂದು ವೀಳ್ಯದೆಲೆ ಕೊಡುತ್ತಾನೆ, ಬಂದವನು ಅದನ್ನು ಕೈಯಲ್ಲಿ ಹಿಡಿಯುತ್ತಾನೆ. ಅಲ್ಲಿಗೆ ಮುಗಿಯಿತು. ಆ ವರ್ಷ ಆ ಹೊಲ ಅವನ ಹಿಂಡಿಗೆ. ಬ್ರಹ್ಮ ಬಂದರೂ, ತಹಶೀಲ್ದಾರ ಬಂದರೂ ಬದಲಾಗುವಂತಿಲ್ಲ.

ಈ ನೇಮವನ್ನು ಕಾಯುವುದರಲ್ಲಿ ಮಾಳಿಂಗಪ್ಪನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಎರಡು ವರ್ಷದ ಹಿಂದೆ ಮೋರಟಗಿಯ ಯಂಕಪ್ಪ ಎಂಬ ಕುರಿಗಾರ ಒಂದು ಮದುವೆಗೆ ಹೋಗಿದ್ದ. ಮದುವೆಯ ಹಂದರವನ್ನು ಬೀಗರ ಹೊಲದಲ್ಲೇ ಹಾಕಿದ್ದರು. ಉಂಡ ಮೇಲೆ ಬೀಗರು ಕೊಟ್ಟ ಎಲೆಯನ್ನು ಯಂಕಪ್ಪ ಪಾಪ, ಬಾಯಿಗೆ ಹಾಕಿಕೊಂಡ. ವಿಷಯ ಪಂಚಾಯ್ತಿಗೆ ಬಂತು. ಪಂಚರ ನಡುವೆ ಕೂತ ಮಾಳಿಂಗಪ್ಪ, "ಹೊಲದಾಗ ನಿಂತಿದ್ದಿ, ಎಲಿ ಕೈ ಮುಟ್ಟೈತಿ. ಹಿಂಡು ತಂದು ಹಾಕು" ಎಂದು ತೀರ್ಪು ಕೊಟ್ಟ. ಆ ಹೊಲದಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಯಂಕಪ್ಪನ ಕುರಿಗಳು ಒಂದೂವರೆ ತಿಂಗಳು ಕಲ್ಲು ನೋಡಿಕೊಂಡು ಕೂತವು. ಯಂಕಪ್ಪ ಅದನ್ನು ಮರೆತಿರಲಿಲ್ಲ.

ಆ ವರ್ಷ ಜೋಳ ಹಾಲುಗಾಳಾದಾಗ ಹೊರ್ತಿಯ ಪರಸಪ್ಪಗೌಡರು ತಮ್ಮ ಬಾವಿಹೊಲದಲ್ಲಿ ಎಳೆ ತೆನೆ ಸುಟ್ಟು ಸೀತನಿ ತಿನ್ನಲು ನಾಲ್ಕು ಜನರನ್ನು ಕರೆದಿದ್ದರು. ಇಪ್ಪತ್ತು ವರ್ಷದಿಂದ, ಜೋಳ ಕೊಯ್ದ ಮೇಲೆ, ಹೋಳಿ ಹುಣ್ಣಿಮೆಯ ಮರುದಿನ ಆ ಹೊಲದಲ್ಲಿ ಮಾಳಿಂಗಪ್ಪನ ಹಿಂಡೇ ಬೀಳುತ್ತಿತ್ತು. ಸುತ್ತ ಹತ್ತು ಹಳ್ಳಿಯಲ್ಲಿ ಬೇಸಿಗೆಯಲ್ಲೂ ಬತ್ತದ ಬಾವಿ ಅದೊಂದೇ. ಸೀತನಿ ಮುಗಿಸಿ ಎಲೆ ಹಿಡಿಯುವುದೆಂದು ಮಾಳಿಂಗಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಯಂಕಪ್ಪನೂ ಬಂದಿದ್ದ. ಸಾಲಿ ಮಾಸ್ತರ ಭೀಮಶ್ಯಾ ಅವರೂ ಇದ್ದರು.

ಅಷ್ಟರಲ್ಲಿ ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸಿನಿಂದಿಳಿದು ಒಬ್ಬ ಬಿಳಿಯ ಮನುಷ್ಯ ಹೊಗೆಯ ವಾಸನೆ ಹಿಡಿದು ಬಂದ. ಎದೆಮಟ ಗಡ್ಡ, ಬೆನ್ನಮೇಲೆ ತನಗಿಂತ ಎತ್ತರದ ಚೀಲ. ಅದರ ಮೇಲೊಂದು ಸುರುಳಿ ಸುತ್ತಿದ ಹಾಸಿಗೆ, ಪಕ್ಕಕ್ಕೆ ಜೋತಾಡುವ ನೀರಿನ ಡಬ್ಬಿ. ಭೀಮಶ್ಯಾ ಮಾಸ್ತರು ಇಂಗ್ಲಿಷಿನಲ್ಲಿ ವಿಚಾರಿಸಿ ಹೇಳಿದರು: ಹೆಸರು ಪೀಟರ. ವಿಜಾಪುರದ ಗುಮ್ಮಟ ನೋಡಿ, ರೈಲು ಹಿಡಿದು, ಮುಂದೆ ನಾಲ್ಕು ದೇಶ ತಿರುಗುವವನಿದ್ದಾನೆ.

"ಯಾಕ ತಿರಗ್ತಾನಂತ?" ಎಂದು ಮಾಳಿಂಗಪ್ಪ ಕೇಳಿದ.

"ನೋಡಾಕಂತ."

"ಏನು ನೋಡಾಕ? ಮೇವೋ, ನೀರೋ?"

ಮಾಸ್ತರು ಕೇಳಿದರು. "ಎರಡೂ ನೋಡ್ತಾನಂತ. ಹಸರ ಗುಡ್ಡ, ಜಲಪಾತ, ಎಲ್ಲಾ" ಎಂದರು.

ಮಾಳಿಂಗಪ್ಪ ಗೌರವದಿಂದ ಸರಿದು ಅವನಿಗೆ ಜಾಗ ಮಾಡಿಕೊಟ್ಟ. ಹಾಸಿಗೆ, ಚೀಲ, ನೀರಿನ ಡಬ್ಬಿ, ಮೇವು ನೀರಿನ ವಿಚಾರ. ಇವನು ಯಾವುದೋ ದೊಡ್ಡ ಹಿಂಡಿನ ಮುಂದೆ ಹೊರಟ ಮನುಷ್ಯನೇ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಪೀಟರ ಬಿಸಿ ಕಾಳಿಗೆ ಶೇಂಗಾಹಿಂಡಿಯ ಖಾರದ ಪುಡಿ ಹಚ್ಚಿಕೊಂಡು ಎರಡಾಳಿನಷ್ಟು ತಿಂದ. ಎಲ್ಲರೂ ಎದ್ದರು. ಅತಿಥಿ ಮೊದಲು ಎಂದು ಪರಸಪ್ಪಗೌಡರು, ಹೊಲದ ನಡುವೆ ನಿಂತು, ವೀಳ್ಯದೆಲೆ ತೆಗೆದು ಪೀಟರನ ಕೈಗೆ ಕೊಟ್ಟುಬಿಟ್ಟರು. ಪೀಟರ ಎರಡೂ ಕೈಯಿಂದ ಹಿಡಿದು, ಹಣೆಗೊತ್ತಿಕೊಂಡು, ಪೂರ್ತಿ ನುಂಗಿದ. ಅಷ್ಟರಲ್ಲಿ ಬಸ್ಸು ಸುರುವಾಗಿ ಹಾರನ್ ಹೊಡೆಯಿತು, ಅವನು ಓಡಿಹೋದ.

ಬೂದಿಯಲ್ಲಿ ಉಳಿದ ತೆನೆಯೊಂದು ಚಟ್ ಎಂದಿತು.

"ಮಾಳಿಂಗ ಮಾವ," ಎಂದು ಯಂಕಪ್ಪ ಮೆಲ್ಲಗೆ ಮಾತು ತೆಗೆದ. "ಹೊಲದಾಗ ನಿಂತಿದ್ದ. ಎಲಿ ಕೈ ಮುಟ್ಟೈತಿ."

"ಅಂವಗೇನು ತಿಳೀತೈತಿ ನಮ್ಮ ರಿವಾಜು?" ಎಂದರು ಗೌಡರು.

"ನನಗೂ ಮದವಿ ಹಂದರದಾಗ ತಿಳದಿದ್ದಿಲ್ಲರಿ ಗೌಡ್ರ."

ಗೌಡರು ಮಾಳಿಂಗಪ್ಪನ ಮುಖ ನೋಡಿದರು. ಅವನು ಹೊಸ ರುಮಾಲು ಬಿಚ್ಚಿ ಬಗಲಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ತನ್ನ ಮೇಲೆ ತಾನೇ ತೀರ್ಪು ಕೊಟ್ಟ. "ಹೊಲ ಅಂವಂದು. ಈಗ ಹೊಲ ಬಿಡಬೇಕಂದ್ರ ಅಂವನ ಬಿಡಬೇಕು. ತನ್ನ ಮನಸಿಲೆ ನನಗೊಂದು ಎಲಿ ಕೊಟ್ಟು 'ಹೊಲ ಬಿಟ್ಟೇನಿ' ಅನಬೇಕು."

"ಟಪಾಲಿನಾಗ ಕಳಿಸಿದ್ರ ನಡೀತೈತೇನು?" ಎಂದು ಮಾಸ್ತರು ಕೇಳಿದರು.

"ಎಲಿ ಹ್ಯಾಂಗರೆ ಬರ್ಲಿ, ಮಂದೀ ಕೈಲೆ ಬರ್ಲಿ, ಟಪಾಲಿನಾಗ ಬರ್ಲಿ. ಕೈ ಮುಟ್ಟಿದ್ರ ಮುಗೀತು."

ಆದರೆ ಬೆನ್ನಮೇಲೆ ಮನೆ ಹೊತ್ತು ತಿರುಗುವವನಿಗೆ ಕಾಗದ ಬರೆಯುವುದಾದರೂ ಯಾವ ಊರಿಗೆ? ಅವನಿಂದ ಉಳಿದದ್ದು ಮಾಸ್ತರು ಗುರುತು ಮಾಡಿಕೊಂಡ ಚೀಟಿ ಒಂದೇ: ಲಂಕಾ ಎಂಟು ದಿನ, ಬರ್ಮಾ ಏಳು ದಿನ, ಸಯಾಮ್ ಹತ್ತು ದಿನ, ಮಲಯಾ ಹತ್ತು ದಿನ. ಹೋಳಿಗೆ ಎರಡು ತಿಂಗಳೂ ಇರಲಿಲ್ಲ. ಅಷ್ಟರೊಳಗೆ ಎಲೆ ಬರದಿದ್ದರೆ ಇನ್ನೂರು ಕುರಿಗಳಿಗೆ ಬೇಸಿಗೆಯಲ್ಲಿ ನೀರಿಲ್ಲ.

ಮರುದಿನ ಸಾಲಿಯ ಕಟ್ಟೆಯ ಮೇಲೆ ಜಗತ್ತಿನ ನಕಾಶೆ ಹಾಸಿ ದಂಡಯಾತ್ರೆಯ ಯೋಜನೆ ಸುರುವಾಯಿತು. ಮಾಳಿಂಗಪ್ಪ ಮೊದಲು ಹೊರ್ತಿ ತೋರಿಸಿರೆಂದ. ಹೊರ್ತಿ ಇರಲಿಲ್ಲ. ಇಂಡಿ ಇರಲಿಲ್ಲ. ವಿಜಾಪುರದ ಗುಮ್ಮಟವೂ ಇರಲಿಲ್ಲ. "ಇದನ್ನ ಬರದಾಂವ ಈ ಕಡಿ ಬಂದಿಲ್ಲ ಬಿಡ್ರಿ" ಎಂದು ಅವನು ನಕಾಶೆಯ ಮೇಲಿನ ನಂಬಿಕೆಯನ್ನು ಅಲ್ಲೇ ಕಳೆದುಕೊಂಡ.

"ಈ ನೀಲಿ ಏನ್ರಿ ಮಾಸ್ತರ?"

"ಸಮುದ್ರ."

"ದಾಟೂ ಜಾಗ ಎಲ್ಲೈತಿ?"

"ಸಮುದ್ರಕ್ಕ ಅಂಥಾ ಜಾಗ ಇರೂದಿಲ್ಲೋ ಮಾರಾಯಾ."

"ಭೀಮಾ ಹೊಳಿಗೆ ಐತಲ್ರಿ. ಬ್ಯಾಸಗ್ಯಾಗ ಮೊಣಕಾಲತನಾ."

"ಅಲ್ಲಿ ಹಡಗು ಇರ್ತಾವ."

"ಈಗ ನಾ ಒಬ್ಬನ ಹೊಂಟೇನಿ, ನಡೀತೈತಿ. ನಾಳಿ ಕುರಿ ಹೊಡಕೊಂಡು ಹೋಗೂದಾದ್ರ?"

"ನೀ ಯಾಕ ಅಲ್ಲಿಗೆ ಕುರಿ ಒಯ್ಯತಿ?"

"ಒಯ್ಯೂದಿಲ್ಲ. ಆದ್ರ ಒಂದು ಸೀಮಿಗೆ ಹೋದ ಮ್ಯಾಲ ಕೇಳಲಾರದ ಬರೂದು ಚಲೋ ಅಲ್ಲರಿ."

ಹೀಗೆ ನಾಲ್ಕು ದೇಶಗಳ ಮೇವು, ನೀರು, ತೋಳನ ಕಾಟ, ಸಂತೆಯ ವಾರ ಎಲ್ಲವನ್ನೂ ಮಾಸ್ತರಿಂದ ಕೇಳಿದ. ಮಾಸ್ತರಿಗೆ ಗೊತ್ತಿದ್ದದ್ದು ರಾಜಧಾನಿ ಮತ್ತು ಮುಖ್ಯ ಬೆಳೆ ಮಾತ್ರ. ಎಲ್ಲ ಕಡೆ ಭತ್ತ ಎಂದು ತಿಳಿದಾಗ ಮಾಳಿಂಗಪ್ಪ ಮುಖ ಕಿವುಚಿದ. ಅನ್ನ ಉಂಡು ನಾಲ್ಕು ದೇಶ ನಡೆಯುವುದು ಆಗದ ಮಾತು.

ಆದ್ದರಿಂದ ಹೆಂಡತಿ ಕಸ್ತೂರೆವ್ವ ಒಲೆ ಹೂಡಿದಳು. ಮೂರು ದಿನ ರೊಟ್ಟಿ ಬಡಿಯುವ ಸಪ್ಪಳಕ್ಕೆ ನೆರೆಮನೆಯವರಿಗೆ ನಿದ್ದೆಯಿಲ್ಲ. ಒಣಗಿಸಿದ ಖಡಕ್ ರೊಟ್ಟಿ ಇನ್ನೂರು, ಶೇಂಗಾಹಿಂಡಿ ಒಂದು ಗಡಿಗೆ. ಪೀಟರನ ಚೀಲ ಹೇಗಿತ್ತೆಂದು ಗಂಡ ಗಾಳಿಯಲ್ಲಿ ಬರೆದು ತೋರಿಸಿದಂತೆ ಅವಳು ಗೋಣಿತಟ್ಟಿನಲ್ಲಿ ಒಂದು ಚೀಲ ಹೊಲಿದು, ಎತ್ತಿನ ಹಗ್ಗದಿಂದ ಎರಡು ಹೆಗಲಪಟ್ಟಿ ಮಾಡಿದಳು. ಲಂಕೆಯಲ್ಲಿ ಎಲೆ ಸಿಗುತ್ತದೋ ಇಲ್ಲವೋ ಎಂದು ಒಂದು ಕಟ್ಟು ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದಳು.

"ಮೂವತ್ತೈದು ದಿನ ಏನೇನು ನೋಡ್ತೀರಿ?" ಎಂದು ಕೇಳಿದಳು.

"ಪೀಟರನ್ನ ನೋಡ್ತೇನಿ."

"ನಾ ಇಂಡಿ ಸಂತಿ ದಾಟಿ ಏನೂ ನೋಡಿಲ್ಲ" ಎಂದು ಕಸ್ತೂರೆವ್ವ ಚೀಲದ ಬಾಯಿ ಬಿಗಿದಳು. ಸ್ವಲ್ಪ ಹೆಚ್ಚೇ ಬಿಗಿದಳು. ಮಾಳಿಂಗಪ್ಪ ಅದನ್ನು ಗಮನಿಸಲಿಲ್ಲ.

ಪರದೇಶಕ್ಕೆ ಸರಕಾರದ ಪಾಸ್‌ಪೋರ್ಟ್ ಬೇಕೆಂದು ಮಾಸ್ತರು ಹೇಳಿದ್ದರು. ಅದಕ್ಕೆ ಪರಸಪ್ಪಗೌಡರೇ ಒಂದು ಕಾಗದ ಬರೆದುಕೊಟ್ಟರು: "ಇವನು ಹೊರ್ತಿಯ ಮಾಳಿಂಗಪ್ಪ. ಇವನ ಕುರಿಗಳು ನಿಂತ ಬೆಳೆಗೆ ಬಾಯಿ ಹಾಕುವುದಿಲ್ಲ. ನಾಲ್ಕೂ ದೇಶದವರು ಇವನಿಗೆ ನೀರು ನೆಳಲು ಕೊಡುವುದು." ಕೆಳಗೆ ರುಜು, ಅದರ ಮೇಲೆ ಹೆಬ್ಬೆಟ್ಟು. ಒಂದನ್ನು ನಂಬದಿದ್ದರೆ ಇನ್ನೊಂದನ್ನಾದರೂ ನಂಬಲಿ ಎಂದು.

ಊರು ಊರೇ ಊರಬಾಗಿಲ ಅಗಸಿಯವರೆಗೆ ಬಂದು ಕಳಿಸಿತು. ಯಂಕಪ್ಪ ಹಾರ ಹಾಕುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ನಗುವಿನದೆಂದು ಕೆಲವರು ಹೇಳುತ್ತಾರೆ.

ನೆಟ್ಟಗೆ ರೈಲಿಗೆ ಹೋಗುವುದು ಮಾಳಿಂಗಪ್ಪನ ಜಾಯಮಾನವಲ್ಲ. ಗುರುತಿನವರಿದ್ದ ದಾರಿಯೇ ದಾರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ದೊಡ್ಡದೊಂದು ಅರ್ಧಚಂದ್ರ ಬರೆಯುತ್ತ, ಒಂದೊಂದು ಹಟ್ಟಿಯಲ್ಲಿ ಒಂದೊಂದು ರಾತ್ರಿ ತಂಗುತ್ತ, ಎಲೆಗಳಿಗೆ ನೀರು ಚಿಮುಕಿಸುತ್ತ ನಡೆದ. "ಲಂಕಾಕ್ಕ ಹೊಂಟೇನಿ" ಎಂದರೆ ಜನ "ಹೊಳ್ಳಿ ಬರೂದು ಯಾವಾಗ?" ಎಂದು ಕೇಳಿದರೇ ಹೊರತು "ಯಾಕೆ?" ಎಂದು ಯಾರೂ ಕೇಳಲಿಲ್ಲ. ಎಲೆಯ ವಿಷಯ ಎಂದ ಮೇಲೆ ಕೇಳುವುದೇನಿದೆ?

ಹನ್ನೊಂದನೆಯ ದಿನ ಬಾಗೇವಾಡಿಯ ರೈಲು ನಿಲ್ದಾಣದ ಹೊರಗೆ ನಬಿಲಾಲನ ಚಹಾದಂಗಡಿಯಲ್ಲಿ ಚೀಲ ಇಳಿಸಿದ. ನಬಿಲಾಲ ಚೀಲವನ್ನೇ ನೋಡಿದ.

"ಕಾಕಾ, ಇಂಥಾದ ಇನ್ನೊಂದು ಚೀಲ ನನ್ನ ಛಪ್ಪರದಾಗ ಬಿದ್ದೈತಿ. ಅದರ ಮಾಲಕನೂ ಬಾಜೂಕ ಬಿದ್ದಾನ."

ಛಪ್ಪರದಲ್ಲಿ, ಹಗ್ಗದ ಮಂಚದ ಮೇಲೆ, ಕಾಲು ಹೊರಗೆ ಚಾಚಿಕೊಂಡು ಪೀಟರ ಮಲಗಿದ್ದ. ಗುಮ್ಮಟ ನೋಡಿ ರೈಲು ಹತ್ತಿದವನು ಹೊಟ್ಟೆ ಕೆಟ್ಟು ಈ ನಿಲ್ದಾಣದಲ್ಲಿ ಇಳಿದಿದ್ದ. ಪ್ರತಿದಿನ ರೈಲು ಬರುತ್ತಿತ್ತು. ಪ್ರತಿದಿನ ಅದೇ ಹೊತ್ತಿಗೆ ಅವನು ಬೇಲಿಯಾಚೆ ಇರುತ್ತಿದ್ದ. ನಾಲ್ಕು ದೇಶಗಳು ಅವನಿಗಾಗಿ ಕಾದು ಕೂತಿದ್ದವು.

ಮಾಳಿಂಗಪ್ಪ ಅಲ್ಲೇ ಎಲೆ ಕೇಳಬಹುದಿತ್ತು. ಆದರೆ ಅವನು ತಲೆ ಅಲ್ಲಾಡಿಸಿದ. "ಮಲಗಿದಾಂವನ ಕೈಯಾಗಿಂದ ಹೊಲ ತಗೊಂಡ್ರ ಅದು ಕಸಗೊಂಡಂಗ. ಮೊದ್ಲ ಏಳಲಿ."

ಎರಡು ದಿನ ಅವನೇ ಜೋಳದ ಅಂಬಲಿ ಕಾಸಿ, ಮಜ್ಜಿಗೆ ಬೆರೆಸಿ ಕುಡಿಸಿದ. ಮೂರನೆಯ ದಿನ ಪೀಟರ ಎದ್ದು ನಿಂತು, ಒಂದು ಖಡಕ್ ರೊಟ್ಟಿ ಮುರಿದು ತಿಂದ. ಆಗ ಮಾಳಿಂಗಪ್ಪ ನೆಲದ ಮೇಲೆ ಬಡಿಗೆಯಿಂದ ಹೊಲ ಬರೆದ, ಬಾವಿ ತೋಡಿದ, ಇನ್ನೂರು ಕುರಿಗಳಿಗೆ ಬದಲಾಗಿ ಒಂದು ಹಿಡಿ ಹರಳು ಇಟ್ಟ. ಎಲೆ ತೋರಿಸಿದ. ಪೀಟರನತ್ತ ಬೆರಳು ಮಾಡಿ ಹರಳುಗಳನ್ನೆಲ್ಲ ಹೊಲದಿಂದಾಚೆ ಬಿಸಿಲಿಗೆ ಸರಿಸಿದ. ನಬಿಲಾಲ ರೈಲಿನ ಗಿರಾಕಿಗಳಿಂದ ಕಲಿತ ಇಂಗ್ಲಿಷನ್ನೆಲ್ಲ ಸುರಿದು ಉಳಿದದ್ದನ್ನು ತುಂಬಿದ.

ಪೀಟರನಿಗೆ ತಿಳಿಯಿತು. ಅವನು ಹರಳುಗಳ ಮುಂದೆ ಕೂತ. ಆಮೇಲೆ ಒಂದೊಂದಾಗಿ ಎತ್ತಿ ಬಾವಿಯ ಹತ್ತಿರ ಇಟ್ಟ. ಒಂದು ಕೂಡ ಬಿಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಇನ್ನೂ ಹಸಿರಾಗಿದ್ದ ಒಂದು ಎಲೆ ತೆಗೆದು, ನಬಿಲಾಲ ಮೂರು ಸಲ ಹೇಳಿಕೊಟ್ಟ ಮೇಲೆ, "ಹೋಲಾ ಬಿಟೇನಿ" ಎಂದು ಮಾಳಿಂಗಪ್ಪನ ಕೈಗಿಟ್ಟ.

"ಉಚ್ಚಾರ ಬರೋಬರಿ ಇಲ್ಲ," ಎಂದ ನಬಿಲಾಲ.

"ಎಲಿ ಬರೋಬರಿ ಐತಿ" ಎಂದ ಮಾಳಿಂಗಪ್ಪ.

ನೂರಾ ಎಪ್ಪತ್ತು ರೊಟ್ಟಿ, ಹಿಂಡಿಯ ಗಡಿಗೆ ಮತ್ತು ಗೌಡರ ಕಾಗದವನ್ನು ಅವನು ಪೀಟರನ ಚೀಲಕ್ಕೆ ಹಾಕಿ, ಅವನನ್ನು ರೈಲಿಗೆ ಹತ್ತಿಸಿ, ಬಸ್ಸು ಹಿಡಿದು ಊರಿಗೆ ಬಂದ. ಹೋಳಿಯ ಮರುದಿನ ಬಾವಿಹೊಲದಲ್ಲಿ ಅವನ ಹಿಂಡೇ ಬಿತ್ತು. "ಲಂಕಾ ಹ್ಯಾಂಗಿತ್ತು ಮಾವ?" ಎಂದು ಯಂಕಪ್ಪ ಕೇಳಿದಾಗ, "ಬಾಗೇವಾಡಿತನಾ ಬಂದಿತ್ತು" ಎಂದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಳೆಗಾಲದಲ್ಲಿ ಮಾಸ್ತರು ಒಂದು ಲಕೋಟೆ ಹಿಡಿದು ಮಾಳಿಂಗಪ್ಪನ ಅಂಗಳಕ್ಕೆ ಬಂದರು. ಪೀಟರ ಬರೆದಿದ್ದ. ಲಂಕೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ಗೌಡರ ಕಾಗದ ನೋಡಿ ಇದೇನೆಂದು ಕೇಳಿದಳಂತೆ. ಅವನು ಎಲ್ಲ ಹೇಳಿದನಂತೆ. ತನ್ನ ಹಿತ್ತಲ ಹಿಂದೆ ಹುಲ್ಲು ಸೊಂಟದಷ್ಟಿದೆ, ಪಕ್ಕದಲ್ಲೇ ಹಳ್ಳ ಹರಿಯುತ್ತದೆ, ಮಾಳಿಂಗಪ್ಪನ ಹಿಂಡು ಬರಲಿ ಎಂದು ಅವಳು ಆ ಹುಲ್ಲಿನಲ್ಲೇ ನಿಂತು ಒಂದು ಎಲೆ ಕೊಟ್ಟಳಂತೆ. ಮಾಸ್ತರು ಲಕೋಟೆ ಅಲ್ಲಾಡಿಸಿದರು. ಒಣಗಿದ ವೀಳ್ಯದೆಲೆಯೊಂದು ಕಟ್ಟೆಯ ಮೇಲೆ ಬಿತ್ತು.

ಮಾಳಿಂಗಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೂರು ಹೆಜ್ಜೆ ಹಿಂದೆ ಸರಿದ. "ಮಾಸ್ತರ, ಅದನ್ನ ಹಂಗ ಲಕೋಟಿಗೆ ಹಾಕಿಬಿಡ್ರಿ. ನಾ ಮುಟ್ಟಿಲ್ಲ. ನೀವು ನೋಡಾಕತ್ತೀರಿ, ನಾ ಮುಟ್ಟಿಲ್ಲ."

ಕಸ್ತೂರೆವ್ವ ಒಳಗಿನಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಬಗ್ಗಿ, ಆ ಎಲೆಯನ್ನು ಎರಡೂ ಕೈಯಿಂದ ಎತ್ತಿ, ಹಣೆಗೊತ್ತಿಕೊಂಡಳು.

"ಅರ್ಧ ಹಿಂಡು ನಂದೂ ಐತಲ್ರಿ ಮಾಸ್ತರ?"

"ಐತವ್ವ" ಎಂದರು ಮಾಸ್ತರು.

"ಮತ್ತ, ಕೈ ಮುಟ್ಟೈತಿ" ಎಂದು ಹೇಳಿ, ಕಸ್ತೂರೆವ್ವ ದಾರಿಯ ರೊಟ್ಟಿಗೆಂದು ಜೋಳದ ಚೀಲದ ಬಾಯಿ ಬಿಚ್ಚಲು ಒಳಗೆ ಹೋದಳು.