ನಿಮ್ಮಲ್ಲಿ ಕರೆಂಟ್ ಇದ್ಯಾ?

ನಮ್ಮ ಕಡೆ ಕರೆಂಟ್ ಹೋದ ಕೂಡಲೇ ಯಾರೂ ಮೊದಲು ಮೇಣದಬತ್ತಿ ಹುಡುಕುವುದಿಲ್ಲ. ಜಗುಲಿಗೆ ಬಂದು ಪಕ್ಕದ ಮನೆಯವರನ್ನು ಕೇಳುತ್ತಾರೆ: "ನಿಮ್ಮಲ್ಲಿ ಕರೆಂಟ್ ಇದ್ಯಾ?" ಅವರಲ್ಲಿ ಇದ್ದರೆ ನಮ್ಮ ಫ್ಯೂಸ್ ಹೋಗಿದೆ ಎಂದರ್ಥ. ಅವರಲ್ಲೂ ಇಲ್ಲದಿದ್ದರೆ ಎಂಥದೋ ಒಂದು ಸಮಾಧಾನ. ಆಮೇಲೆ ಯಾರೋ ರಸ್ತೆಯಾಚೆಯಿಂದ "ಸಾಗರದ ಸ್ಟೇಷನ್ನಿಂದ್ಲೇ ಹೋಗಿದ್ಯಂತೆ" ಎನ್ನುತ್ತಾರೆ. ಅವರಿಗೆ ಅದನ್ನು ಹೇಳಿದವರು ಯಾರೆಂದು ಈವರೆಗೆ ಪತ್ತೆಯಾಗಿಲ್ಲ. ನಾಡಿಗೆಲ್ಲ ಕರೆಂಟ್ ಕೊಡುವ ಲಿಂಗನಮಕ್ಕಿ ಡ್ಯಾಮನ್ನು ಪಕ್ಕದಲ್ಲೇ ಇಟ್ಟುಕೊಂಡು ಕತ್ತಲೆಯಲ್ಲಿ ಕೂರುವ ನಮ್ಮನ್ನು ನೋಡಿಯೇ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಹುಟ್ಟಿರಬೇಕು.

ನಾನು ತೀರ್ಥಹಳ್ಳಿಯವಳು. ಹೊಸನಗರದಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಹಗಲೆಲ್ಲ ಮಕ್ಕಳಿಗೆ "ಶ್ಶ್, ಮಾತಾಡಬೇಡಿ" ಎನ್ನುವುದಕ್ಕೇ ನನಗೆ ಸಂಬಳ. ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಊರಿಗೆ ಹೋಗುವುದೂ ಹಬ್ಬಕ್ಕೆ ಮಾತ್ರವಾಯಿತು. ಸಂಜೆ ಬಂದು ಬೀಗ ತೆಗೆದರೆ ಮಾರನೆಯ ಬೆಳಿಗ್ಗೆ ಬೀಗ ಹಾಕುವವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಊಟ ಮಾಡುವಾಗ ಬಿಟ್ಟರೆ ಅದು ಇರುವುದೇ ಮರೆತುಹೋಗುತ್ತದೆ.

ನಾನಿರುವುದು ಜೋಡಿಮನೆ. ಒಂದೇ ಹೆಂಚಿನ ಮಾಡು, ಮಧ್ಯೆ ಗೋಡೆ. ಜಗುಲಿಯಲ್ಲಿ ಆ ಗೋಡೆ ಸೊಂಟದೆತ್ತರಕ್ಕೆ ನಿಲ್ಲುತ್ತದೆ. ಆಚೆ ಇರುವವರು ಬ್ಲೌಸ್ ಹೊಲಿಯುವ ಒಬ್ಬ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಯಿತಂತೆ, ಮಕ್ಕಳಿಲ್ಲ. ನನಗಿಂತ ಹಿರಿಯರು, ಅಕ್ಕ ಎನ್ನುತ್ತೇನೆ. ಇಬ್ಬರೂ ಸಂಕೋಚದವರು. ಕಾರಣವಿಲ್ಲದೆ ಇನ್ನೊಬ್ಬರ ಹೊಸ್ತಿಲು ತುಳಿಯುವ ಜಾತಿಯಲ್ಲ. ಸುಮ್ಮನೆ ಹೋದರೆ "ಎಂತ ಬಂದ್ರಿ?" ಎಂದು ಕೇಳುತ್ತಾರೆ. "ಸುಮ್ಮನೆ" ಎಂದರೆ ಕೇಳಿದವರಿಗೂ ಕಷ್ಟ, ಹೇಳಿದವರಿಗೂ ಕಷ್ಟ.

ಕರೆಂಟ್ ಹೋದರೆ ಮಾತ್ರ ಕಾರಣ ತಾನಾಗಿ ಒದಗುತ್ತಿತ್ತು. ಅಕ್ಕನ ಮೆಷಿನ್ನಿಗೆ ಮೋಟಾರು ಇರುವುದರಿಂದ ಅದು ನಿಲ್ಲುತ್ತಿತ್ತು, ನನ್ನ ಟಿವಿ ನಿಲ್ಲುತ್ತಿತ್ತು, ಇಬ್ಬರೂ ಜಗುಲಿಗೆ ಬರುತ್ತಿದ್ದೆವು. "ನಿಮ್ಮಲ್ಲಿ ಕರೆಂಟ್ ಇದ್ಯಾ?" "ಇಲ್ಲ ಮಾರಾಯ್ತಿ." ಅಲ್ಲಿಂದ ಶುರು. ಕತ್ತಲೆಯಲ್ಲಿ ಮುಖ ಕಾಣದಿದ್ದರೆ ಸಂಕೋಚದವರಿಗೆ ಎಷ್ಟು ಸುಲಭ! ಚಾರ್ಜರನ್ನು ಪ್ಲಗ್ಗಿನಲ್ಲೇ ಬಿಟ್ಟರೆ ಕರೆಂಟ್ ತಿನ್ನುತ್ತದೆಯೇ? ಇಂಡಕ್ಷನ್ ಒಲೆಯ ಮೇಲೆ ಹಿತ್ತಾಳೆ ಪಾತ್ರೆ ಯಾಕೆ ಬಿಸಿಯಾಗುವುದಿಲ್ಲ? ಮಿಕ್ಸಿ ನಿಂತುಹೋದರೆ ಅಡಿಯ ಕೆಂಪು ಗುಂಡಿ ಒತ್ತಬೇಕೆಂದು ಅಕ್ಕನೇ ಹೇಳಿಕೊಟ್ಟದ್ದು. ಫ್ರಿಜ್ಜಿನಲ್ಲಿ ಬಿಸಿ ಸಾರು ಇಡಬಾರದು, ಅದಕ್ಕೆ ಜ್ವರ ಬರುತ್ತದೆ ಎಂಬುದು ನನ್ನ ವಾದ. ಸರಿಯೋ ತಪ್ಪೋ ನೋಡಲು ಫೋನು ಕೈಯಲ್ಲೇ ಇರುತ್ತಿತ್ತು. ನೋಡಿದರೆ ಮಾತು ಮುಗಿದುಹೋಗುತ್ತದೆಂದು ಇಬ್ಬರೂ ನೋಡುತ್ತಿರಲಿಲ್ಲ.

ಕರೆಂಟ್ ಬಂದಾಗ ಮಾತ್ರ ಇಡೀ ಬೀದಿ "ಬಂತು!" ಎಂದು ಕೂಗುತ್ತದೆ. ಬಂದ ಮೇಲೆ ಕೂರುವ ಹಾಗಿಲ್ಲ. ಹಿಟ್ಟು ಅರ್ಧ ರುಬ್ಬಿರುತ್ತದೆ, ತೋಳು ಅರ್ಧ ಹೊಲಿದಿರುತ್ತದೆ. ಹಾಗಾಗಿ ನಮ್ಮ ಎಷ್ಟೋ ಮಾತುಗಳು ಅರ್ಧಕ್ಕೇ ನಿಂತಿವೆ. ಒಂದು ಸಂಜೆ ಅಕ್ಕ ತಾವಾಗಿಯೇ ತಮ್ಮ ವಿಷಯ ತೆಗೆದರು. ಅವರ ಗಂಡನ ಮನೆ ಮೊದಲು ಹಿನ್ನೀರಿನ ಆಚೆ ಇತ್ತಂತೆ, ಹೊಳೆಬಾಗಿಲಿನ ದಡದಿಂದ ಲಾಂಚಿನಲ್ಲೇ ದಾಟಬೇಕು. "ಮದ್ವೆಯಾದ ವರ್ಷ. ಮೊದಲ್ನೇ ದೀಪಾವಳಿಗೆ ತವರಿಗೆ ಹೋಗಿದ್ದೆ. ವಾಪಸ್ ಬರ್ತಾ ಹೊಳೆಬಾಗಿಲಲ್ಲಿ ಒಬ್ಳೇ ಲಾಂಚ್ ಹತ್ತಿದೆ ನೋಡಿ, ಆವತ್ತು..." ಎಂದರು. "ಬಂತು!" ಎಂದಿತು ಬೀದಿ. ಅಕ್ಕ ಎದ್ದು ಒಳಗೆ ಹೋದರು. ಪರವಾಗಿಲ್ಲ, ನಾಳೆ ಹೇಗೂ ಕರೆಂಟ್ ಹೋಗುತ್ತದಲ್ಲ ಎಂದು ನಾನೂ ಎದ್ದೆ.

ಆ ವಾರವೇ ತೀರ್ಥಹಳ್ಳಿಯಿಂದ ತಮ್ಮ ಬಂದ. ಜೀಪಿನಿಂದ ಒಂದು ಬ್ಯಾಟರಿ, ಒಂದು ಡಬ್ಬಿ, ಒಬ್ಬ ಎಲೆಕ್ಟ್ರಿಷಿಯನ್ ಇಳಿದರು. "ಒಬ್ಳೇ ಇರ್ತೀಯ ಅಕ್ಕಯ್ಯ, ಕತ್ತಲೇಲಿ ಎಂತಕ್ಕೆ ಕೂರ್ತೀಯ?" ಎಂದ. ಪ್ರೀತಿಯಿಂದ ತಂದ ಇನ್ವರ್ಟರನ್ನು ಬೇಡ ಎನ್ನಲು ಬಾಯಿ ಬರಲಿಲ್ಲ. ಊಟ ಮುಗಿಸಿ, ಎಲ್ಲ ಜೋಡಿಸಿ, ಸಂಜೆಯೊಳಗೆ ಹೊರಟುಹೋದ. ಪಕ್ಕದ ಅಕ್ಕ ಆ ದಿನ ಯಾವುದೋ ಮದುವೆಗೆ ಹೋಗಿದ್ದರು, ಇದೊಂದೂ ಅವರಿಗೆ ಗೊತ್ತಾಗಲಿಲ್ಲ.

ನಾನು ಮಾರನೆಯ ಸಂಜೆಯಿಂದ ಕರೆಂಟ್ ಹೋಗುವುದನ್ನು ಕಾಯತೊಡಗಿದೆ. ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫ್ಯಾನು ತಿರುಗುತ್ತಿತ್ತು, ಟಿವಿಯಲ್ಲಿ ಅತ್ತೆ ಸೊಸೆಯರು ಬೀದಿಯ ಸದ್ದು ಕೇಳಿಸದಷ್ಟು ಜೋರಾಗಿ ಜಗಳವಾಡುತ್ತಿದ್ದರು. ಲಾಂಚಿನ ಕತೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೊನೆಗೆ ಲೈಬ್ರರಿಯಲ್ಲಿ ಸಹೋದ್ಯೋಗಿಯೊಬ್ಬರಿಗೆ "ಈ ಸಲ ಬೇಸಿಗೇಲಿ ಕರೆಂಟೇ ಹೋಗ್ತಿಲ್ಲ ಅಲ್ವಾ?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನೆ ಸಂಜೆ ಪೂರ್ತಿ ಇರ್ಲಿಲ್ಲ. ನಿಮ್ಮನೇಲಿ ಇನ್ವರ್ಟರ್ ಹಾಕ್ಸಿದೀರಾ ಎಂತ?" ಎಂದರು. ಪುಸ್ತಕಗಳ ನಡುವೆ ಇಷ್ಟು ವರ್ಷ ಕೂತು ನಾನು ಗಳಿಸಿದ ಬುದ್ಧಿ ಇಷ್ಟೇ.

ಅಕ್ಕ ಯಾಕೆ ಕೂಗಲಿಲ್ಲ? ಆ ಸಂಜೆ ನಲ್ಲಿಯ ಹತ್ತಿರ ಸಿಕ್ಕಾಗ ತಿಳಿಯಿತು. ಅವರ ಮುಖ ಬಾಡಿತ್ತು. "ನಿಮ್ಮಲ್ಲಿ ಲೈಟ್ ಇರತ್ತೆ, ನಮ್ಮಲ್ಲೇ ಹೋಗತ್ತೆ. ವೈರಿಂಗ್ ಹಳೇದಾಯ್ತು ಕಾಣತ್ತೆ. ಲೈನ್‌ಮ್ಯಾನ್‌ನ ಕರೆಸಿದೆ, ಅವ ಬರೋವಾಗ ಕರೆಂಟ್ ಬಂದಿರತ್ತೆ. ಸುಮ್ನೆ ಕರೀತೀರ ಅಂತ ಬೈದು ಹೋದ," ಎಂದರು. ನನ್ನ ಕಿಟಕಿಯ ಬೆಳಕು ನೋಡಿ, ಊರಿಗೆಲ್ಲ ಇದೆ, ತನಗೊಬ್ಬಳಿಗೇ ಇಲ್ಲ ಎಂದುಕೊಂಡು ಅವರು ಬೀದಿಗೂ ಬಾರದೆ, ಬೀದಿಯ ಕೂಗೂ ಕೇಳದ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಗೋಡೆಯ ಈಚೆ ನಾನು ಬೆಳಕಿನಲ್ಲಿ ಕತ್ತಲೆಯನ್ನು ಕಾಯುತ್ತಿದ್ದೆ.

ಇನ್ವರ್ಟರಿನ ವಿಷಯ ಹೇಳಿದೆ. ಅಕ್ಕ ನಲ್ಲಿ ತಿರುಗಿಸಿ ನಿಲ್ಲಿಸಿದರು. "ಹೌದಾ. ಒಳ್ಳೇದಾಯ್ತು ಬಿಡಿ. ಇನ್ನು ನಿಮ್ಮನ್ನ ಕೇಳೋದಂತೂ ಇಲ್ಲ," ಎಂದು ನಕ್ಕರು. ನಿಮಗೂ ಒಂದು ಬಲ್ಬಿಗೆ ವೈರ್ ಎಳೆಸುತ್ತೇನೆ ಎಂದೆ. "ಬ್ಯಾಡ, ಬ್ಯಾಡ" ಎಂದು ಕೊಡ ಎತ್ತಿಕೊಂಡು ಹೋದರು.

ಆಮೇಲೆ ನಾನು ಮಾಡಿದ ಕಸರತ್ತು ಹೇಳಿದರೆ ನಗುತ್ತೀರಿ. ಫ್ರಿಜ್ಜಿಗೆ ಇನ್ವರ್ಟರ್ ಸಂಪರ್ಕ ಇರಲಿಲ್ಲ. ಅದರ ಸದ್ದು ನಿಂತರೆ ಕರೆಂಟ್ ಹೋಗಿದೆ ಎಂದು ಲೆಕ್ಕ ಹಾಕಿ, ಟಿವಿ ಬಂದ್ ಮಾಡಿ ಅದಕ್ಕೇ ಕಿವಿಗೊಟ್ಟು ಕೂತೆ. ಆದರೆ ಫ್ರಿಜ್ಜು ತಣ್ಣಗಾದಾಗ ತಾನಾಗಿಯೂ ಸುಮ್ಮನಾಗುತ್ತದೆ. ಹಾಗೆ ಜಗುಲಿಗೆ ಓಡಿಹೋದಾಗ ಪಕ್ಕದಲ್ಲಿ ಮೆಷಿನ್ನಿನ ಸದ್ದು ಟಕಟಕ ಕೇಳುತ್ತಿತ್ತು. ಹೆಪ್ಪು ಕೇಳುವ ನೆಪದಲ್ಲಿ ಲೋಟ ಹಿಡಿದು ನಿಂತೆ. ಅಕ್ಕ ಮೊಸರು ಕೊಟ್ಟು, "ಹೊಲಿಯೋದು ಬಹಳ ಇದೆ" ಎಂದು ಒಳಗೆ ಹೋದರು. ಒಂದು ದಿನ ನಿಜವಾಗಿಯೂ ಕರೆಂಟ್ ಹೋಯಿತು. ಇನ್ವರ್ಟರ್ ಆಫ್ ಮಾಡಿ, ಕತ್ತಲೆಯಲ್ಲಿ ಮೊಣಕಾಲು ಬಡಿಸಿಕೊಂಡು ಜಗುಲಿಗೆ ಬಂದು ಕೂಗಿದೆ. "ನಿಮ್ಮಲ್ಲಿ ಇನ್ವರ್ಟರ್ ಇದ್ಯಲ್ಲ?" ಎಂಬ ಉತ್ತರ ಒಳಗಿಂದಲೇ ಬಂತು. ಕೆಟ್ಟಿದೆ ಎಂದು ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

ಬೇಸಿಗೆ ಹಾಗೇ ಕಳೆಯಿತು. ನನಗೆ ಇಡೀ ಊರಿನಲ್ಲಿ ಇದ್ದದ್ದು ಆ ಸೊಂಟದೆತ್ತರದ ಗೋಡೆ ಒಂದೇ, ಅದೂ ಹೋಯಿತು ಎನಿಸಿತು. ತಮ್ಮ ಫೋನ್ ಮಾಡಿ "ಈಗ ಆರಾಮ ಅಲ್ವಾ?" ಎಂದು ಕೇಳಿದ. ಆರಾಮ ಎಂದೆ. ಫೋನ್ ಇಟ್ಟ ಮೇಲೆ ಅಳು ಬಂತು.

ಮೊನ್ನೆ ಸಂಜೆ ಕಾಲೇಜಿನಿಂದ ಬಂದು ಜಗುಲಿಯ ಲೈಟ್ ಹಾಕಿದೆ. ಪಕ್ಕದ ಜಗುಲಿಯಲ್ಲೂ ಲೈಟ್ ಉರಿಯುತ್ತಿತ್ತು. ಅಕ್ಕ ಬಾಗಿಲ ಬಳಿ ಕೂತು ಬ್ಲೌಸಿಗೆ ಹುಕ್ ಹಾಕುತ್ತಿದ್ದರು. ಇಡೀ ಬೀದಿಯಲ್ಲಿ ಕರೆಂಟ್ ಇತ್ತು, ಎದುರು ಮನೆಯ ಟಿವಿ ಕೂಗುತ್ತಿತ್ತು. ನೆಪ ಹುಡುಕಿ ಸಾಕಾಗಿತ್ತು. ಗೋಡೆಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಅಕ್ಕ, ನಿಮ್ಮಲ್ಲಿ ಕರೆಂಟ್ ಇದ್ಯಾ?"

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ತಮ್ಮ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡಿದರು. ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದು ನನ್ನ ಮುಖ ಬಿಸಿಯಾಯಿತು. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು, ಕೈ ಚಾಚಿ ಸ್ವಿಚ್ ಒತ್ತಿದರು. ಅವರ ಜಗುಲಿ ಕತ್ತಲಾಯಿತು.

"ಇಲ್ಲ ಮಾರಾಯ್ತಿ," ಎಂದರು.

ನಾನೂ ನಮ್ಮ ಲೈಟ್ ಆಫ್ ಮಾಡಿ ಬಂದು ಕೂತೆ. ಅಕ್ಕ ಗೋಡೆಯ ಆಚೆ ಕೂತ ಸದ್ದಾಯಿತು.

"ಲಾಂಚ್ ಹತ್ತಿದ್ರಿ," ಎಂದೆ.

"ಹೂಂ, ಹತ್ತಿದೆ. ಆಚೆ ದಡದಲ್ಲಿ ಇಳಿದ್ರೆ ಎಲ್ಲರ ಮನೆಯವ್ರೂ ಬಂದಿದ್ರು, ನನ್ನ ಕರ್ಕೊಂಡು ಹೋಗಕ್ಕೆ ಯಾರೂ ಬಂದಿರ್ಲಿಲ್ಲ. ಮನೆಗೆ ದಾರಿ ಸರಿಯಾಗಿ ಗೊತ್ತಿರ್ಲಿಲ್ಲ ನಂಗೆ. ಕತ್ತಲಾಗೋವರೆಗೂ ಅಲ್ಲೇ ಒಂದು ಕಲ್ಲಿನ ಮೇಲೆ ಕೂತಿದ್ದೆ."

"ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ ಅಕ್ಕ?"

"ಕೇಳ್ಬಹುದಿತ್ತು. ಗಂಡನ ಮನೆ ಎಲ್ಲಿ ಅಂತ ಹ್ಯಾಂಗೆ ಕೇಳೋದು ಹೇಳಿ? ನಾಚಿಕೆ ಆಯ್ತು," ಎಂದರು ಅಕ್ಕ. "ನಿಮ್ಮ ಹಾಂಗೆ ಧೈರ್ಯ ಇರ್ಲಿಲ್ಲ ನಂಗೆ."