ಬೀಗ ಬಿದ್ದ ಪುಸ್ತಕ
ಕೆನಡಾದ ಮ್ಯಾನಿಟೋಬಾದಲ್ಲಿರುವ ನಮ್ಮ ಸಣ್ಣ ಊರಿನ ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಓಲ್ಗಾ ಫೆಡೊರುಕ್ ಅವರ ಕಣ್ಣು ತಪ್ಪಿಸಿ ಯಾರೂ ಒಂದು ಹಾಳೆ ಹೆಚ್ಚಿಗೆ ಜೆರಾಕ್ಸ್ ಮಾಡುವಂತಿಲ್ಲ. "ಪೂರ್ತಿ ಪುಸ್ತಕಾನೇ ಎತ್ಕೊಂಡ್ ಹೋಗ್ತೀಯಾ? ಬರೆದೋರು ಗಾಳಿ ಕುಡಿದು ಬದುಕ್ಬೇಕಾ?" ಎಂದು ಎಂಥವರನ್ನೂ ಗದರುತ್ತಾರೆ. ಮರುಕ್ಷಣವೇ ಫೋನೆತ್ತಿ ಇ-ಪುಸ್ತಕ ಮಾರುವ ಕಂಪನಿಯವರ ಮೇಲೆ ಹರಿಹಾಯುತ್ತಾರೆ: "ಇಪ್ಪತ್ತಾರು ಜನ ಎರವಲು ತಗೊಂಡು ಓದಿದ್ರೆ ಇ-ಪುಸ್ತಕ ಮಾಯ ಆಗುತ್ತಂತೆ! ನಾವು ಕೊಂಡಿದ್ದು ಪುಸ್ತಕಾನಾ, ಮಂಜುಗಡ್ಡೆನಾ?" ಆ ಕಡೆಯವರು ಸಂಗೀತ ಹಾಕಿ ಕಾಯಿಸಿದರೆ ಇವರು ಅದಕ್ಕೇ ತಲೆಯಾಡಿಸುತ್ತ ಒಂದು ಇಡೀ ಕಪಾಟು ಜೋಡಿಸಿ ಮುಗಿಸುತ್ತಾರೆ. ದೃಷ್ಟಿ ಕಳೆದುಕೊಂಡ ಲಾರಿ ಚಾಲಕ ಅರ್ನಿ ಹಳೆಯದೊಂದು ಕಾದಂಬರಿ ಕೇಳಿದಾಗ, ಅದರ ಇ-ಪುಸ್ತಕವನ್ನು ಯಂತ್ರ ಗಟ್ಟಿಯಾಗಿ ಓದಿ ಹೇಳದಂತೆ ಪ್ರಕಾಶಕರು ಡಿಜಿಟಲ್ ಬೀಗ ಹಾಕಿದ್ದು ಗೊತ್ತಾಯಿತು. ಬೇರೆ ಹೆಸರಿನಲ್ಲಿ ಅದನ್ನು ಬರೆದವರು ಓಲ್ಗಾ ಅವರೇ. ಬೀಗ ತೆಗೆಯಿರೆಂದು ಮೂರು ಪತ್ರ ಬರೆದರು. ಹಕ್ಕು ನಮ್ಮದು ಎಂಬ ಉತ್ತರ ಬಂತು. ಅಂದಿನಿಂದ ಊಟದ ವೇಳೆಯಲ್ಲಿ, ಡಬ್ಬಿಯಲ್ಲಿನ ಪೆರೋಗಿ ಕಡುಬು ತಣ್ಣಗಾದರೂ, ತಮ್ಮ ಹಳೆಯ ಅಚ್ಚಿನ ಪ್ರತಿ ಹಿಡಿದು ಅರ್ನಿಗೆ ಫೋನಿನಲ್ಲಿ ಓದುತ್ತಾರೆ. ಬರೆದದ್ದು ತಾವೆಂದು ಹೇಳಿಲ್ಲ. ನಿನ್ನೆ ಅರ್ನಿ, "ಓಲ್ಗಾ, ಬರೆದೋಳೇ ಬಂದ್ರೂ ಇಷ್ಟು ಚೆನ್ನಾಗಿ ಓದಲ್ಲ ಬಿಡಿ" ಎಂದ. "ಅವಳಿಗೆ ಪುರುಸೊತ್ತೆಲ್ಲಿ, ಪಾಪ!" ಎಂದು ಓಲ್ಗಾ ಮುಂದಿನ ಅಧ್ಯಾಯ ತೆರೆದರು.